ಬೋಳು ಗುಡ್ಡದ ಮೇಲೆ ಇನ್ನೂರು ಜನಕ್ಕೆ ಬಾರ್ಬೆಕ್ಯೂ

ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಮದುವೆ ಹಿಂದಿನ ದಿನ ಬಾರ್ಬೆಕ್ಯೂ ಇಡುವುದು ಈಗ ಜಾಸ್ತಿಯಾಗಿದೆ. ಕಾಫಿ ಒಣಗಿಸುವ ಕಣದಲ್ಲೇ ಮಾಡಿದರೆ ನಮ್ಮಂಥ ಅಡುಗೆಯವರಿಗೆ ಆರಾಮ. ನಲ್ಲಿ ಇದೆ, ಕರೆಂಟ್ ಇದೆ. ಈ ಗಿರಾಕಿಗೆ ಮಾತ್ರ ತೋಟದ ಮೇಲಿನ ಬೋಳು ಗುಡ್ಡವೇ ಬೇಕಿತ್ತು. ಸೂರ್ಯ ಮುಳುಗುವುದು ಕಾಣಬೇಕಂತೆ. ಮಾರ್ಚ್ ತಿಂಗಳು, ಇನ್ನೂರು ಜನ, ಮೇಲೆ ಹನಿ ನೀರಿಲ್ಲ. ಕೊನೆಯ ಏರು ಹತ್ತುವುದು ಫೋರ್‌ವೀಲ್ ಜೀಪು ಮಾತ್ರ.

ಎಲ್ಲರೂ ಕೇಳುವುದು ಅಲ್ಲಿ ಬೆಂಕಿ ಹೇಗೆ ಮಾಡಿದಿರಿ ಅಂತ. ಬೆಂಕಿಗಿಂತ ಜಾಸ್ತಿ ತಲೆಬಿಸಿ ಐಸಿನದ್ದು.

ಸಸ್ಯಾಹಾರಿಗಳನ್ನು ಬಿಟ್ಟರೆ 160 ಜನ. ಮೂಳೆ ಸೇರಿ ತಲೆಗೆ ಕಾಲು ಕೆ.ಜಿ. ಲೆಕ್ಕ ಹಿಡಿದೆ. 25 ಕೆ.ಜಿ. ಕೋಳಿ, 15 ಕೆ.ಜಿ. ಹಂದಿ. ಹಸಿ ಮಾಂಸ 5 ಡಿಗ್ರಿಗಿಂತ ತಣ್ಣಗಿರಬೇಕು, ಬೆಂದದ್ದು 60ಕ್ಕಿಂತ ಬಿಸಿಯಿರಬೇಕು. ನಡುವೆ ಹೆಚ್ಚು ಹೊತ್ತು ನಿಂತರೆ ಹೊಟ್ಟೆ ಕೆಡುವುದು ಅಲ್ಲೇ. ಕೆಳಗೆ ಅರ್ಧ ಬೇಯಿಸಿ ಮೇಲೆ ಒಯ್ದು ಸುಡೋಣ ಅಂತ ನಮ್ಮ ಹುಡುಗರು ಹೇಳಿದರು. ಬೇಗ ಆಗುತ್ತದೆ, ನಿಜ. ಆದರೆ ಅರೆಬೆಂದ ಉಗುರುಬೆಚ್ಚಗಿನ ಕೋಳಿಯನ್ನು ಜೀಪಿನಲ್ಲಿ ಕುಲುಕಿಸಿಕೊಂಡು ಒಯ್ಯಲು ನಾನು ಒಪ್ಪಲಿಲ್ಲ. ಹಸಿಯಾಗಿಯೇ, ಐಸಿನಲ್ಲೇ ಹೋಗಬೇಕು.

ಹೊಸ ಥರ್ಮಾಕೋಲ್ ಪೆಟ್ಟಿಗೆ ತಂದು, ಪುಡಿ ಐಸಿನ ಬದಲು ಗಡ್ಡೆ ಐಸು ಇಟ್ಟೆ. ಗಡ್ಡೆ ನಿಧಾನ ಕರಗುತ್ತದೆ. ಮಸಾಲೆ ಹಚ್ಚಿದ ಮಾಂಸವನ್ನು ರಾತ್ರಿಯೇ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ, ಒಂದು ಪೆಟ್ಟಿಗೆಗೆ ಅರ್ಧ ಗಂಟೆ ಸುಡಲು ಸಾಕಾಗುವಷ್ಟೇ ತುಂಬಿದೆ. ಮುಚ್ಚಳದ ಮೇಲೆ ನಂಬರ್. ಒಂದನೆಯದು ಖಾಲಿಯಾಗದೆ ಎರಡನೆಯದು ತೆಗೆಯುವ ಹಾಗಿಲ್ಲ. ಒಂದೇ ದೊಡ್ಡ ಪೆಟ್ಟಿಗೆಯಾದರೆ ಪ್ರತಿ ಸಲ ಮುಚ್ಚಳ ತೆಗೆದಾಗಲೂ ಗಾಳಿ ನುಗ್ಗುತ್ತದೆ, ಅಲ್ವಾ? ಎಲ್ಲ ಪೆಟ್ಟಿಗೆಯೂ ಗುಡ್ಡದ ಅಂಚಿನ ಮರದ ನೆರಳಿನಲ್ಲಿ, ಒದ್ದೆ ಗೋಣಿ ಹೊದ್ದು ಕೂತಿದ್ದವು.

ಮರ ಅಂದೆನಲ್ಲ, ಅದನ್ನು ಆರಿಸುವುದಕ್ಕೂ ಒಂದು ಕಾರಣ ಇತ್ತು. ಒಲೆಯ ಜಾಗ ನೋಡಲು ಹೋದಾಗ ನಾನು ಮೊದಲು ನೋಡಿದ್ದು ಮೇಲಕ್ಕೆ. ಮಲೆನಾಡಿನ ಎತ್ತರದ ಮರದಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ ಅತ್ತ ತಿರುಗಿದರೆ ಊಟಕ್ಕೆ ಬಂದವರೆಲ್ಲ ಆಸ್ಪತ್ರೆಗೆ ಓಡಬೇಕಾಗುತ್ತದೆ. ಒಂದು ಮರದಲ್ಲಿ ಕಪ್ಪಗೆ ನೇತಾಡುತ್ತಿತ್ತು. ಒಲೆಗಳನ್ನು ಗುಡ್ಡದ ಇನ್ನೊಂದು ತುದಿಗೆ, ಗಾಳಿ ಹೊಗೆಯನ್ನು ಮರದಿಂದ ದೂರ ಒಯ್ಯುವ ಕಡೆಗೆ ಸರಿಸಿದೆ.

ಒಣಹುಲ್ಲು ಇನ್ನೊಂದು ಭಯ. ಒಲೆಯ ಸುತ್ತ ಗುದ್ದಲಿಯಲ್ಲಿ ಮಣ್ಣು ಕಾಣುವ ತನಕ ಕೆತ್ತಿಸಿ, ಆಮೇಲೆ ನೀರು ಹೊಡೆಸಿದೆವು. ಕಾಫಿ ಹೂ ಅರಳಿಸುವ ಹೂಮಳೆ ಬಂದಿದ್ದರೆ ಈ ಕೆಲಸ ತಪ್ಪುತ್ತಿತ್ತು. ಆದರೆ ಅದು ಬಂದರೆ ತೋಟದವರಿಗೆ ಹಬ್ಬ, ನಮಗೆ ಗೋಳು. ಟಾರ್ಪಾಲು ಮಡಚಿ ಇಟ್ಟುಕೊಂಡೇ ಇದ್ದೆವು.

ಉದ್ದಕ್ಕೆ ಸೀಳಿದ ಡ್ರಮ್ಮೇ ಒಲೆ. ಗಾಳಿ ಬರುವ ಕಡೆ ತಗಡಿನ ಶೀಟು. ಸೀಮೆಎಣ್ಣೆ ಮುಟ್ಟಿಸಲಿಲ್ಲ, ವಾಸನೆ ಹೋಗುವುದಿಲ್ಲ. ಎಣ್ಣೆ ಡಬ್ಬದ ತಳಕ್ಕೆ ತೂತು ಹೊಡೆದು, ಇದ್ದಿಲು ತುಂಬಿ, ಕೆಳಗೆ ಪೇಪರ್ ಉರಿಸಿದರೆ ಕೆಂಡ ತಾನಾಗಿ ಮೇಲೇರುತ್ತದೆ. ಮೇಲೆ ಬೂದಿ ಬಣ್ಣ ಬಂದ ಮೇಲೇ ಒಲೆಗೆ ಸುರಿಯುವುದು. ಗುಡ್ಡದ ಗಾಳಿಗೆ ಇದ್ದಿಲು ಬೇಗ ಉರಿದುಹೋಗುತ್ತದೆ, ಹಾಗಾಗಿ ಕಣದಲ್ಲಿ ಬೇಕಾಗುವುದಕ್ಕಿಂತ ಅರ್ಧ ಪಾಲು ಹೆಚ್ಚೇ ಒಯ್ದಿದ್ದೆ.

ಕೆಂಡವನ್ನು ಒಲೆಯ ಒಂದೇ ಬದಿಗೆ ಗುಡ್ಡೆ ಹಾಕಿದೆ. ಕೋಳಿ ತೊಡೆಗೆ ಮೊದಲು ಬಿಸಿ ಕಡೆ ಬಣ್ಣ ಬರಬೇಕು, ಆಮೇಲೆ ತಣ್ಣನೆ ಕಡೆ ನಿಧಾನ ಬೇಯಬೇಕು. ಮೇಲೆ ಕಪ್ಪಾದ ಮಾತ್ರಕ್ಕೆ ಒಳಗೆ ಬೆಂದಿರುವುದಿಲ್ಲ. ಮೂಳೆಗೆ ತಾಗದ ಹಾಗೆ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿದರೆ 74 ತೋರಿಸಬೇಕು. ಹುಡುಗರು ನಕ್ಕರು. 66 ಅಂತ ತೋರಿಸಿದ ಒಂದು ತೊಡೆಯನ್ನು ಕತ್ತರಿಸಿ ಕೆಂಪು ರಸ ತೋರಿಸಿದೆ. ಆಮೇಲೆ ಅವರೇ ಚುಚ್ಚತೊಡಗಿದರು. ಕೊಡಗಿನ ಹುಳಿರಸ ಕಾಚಂಪುಳಿ ಹಚ್ಚಿದ ಹಂದಿಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಭಗ್ಗನೆ ಉರಿ ಏಳುತ್ತದೆ, ಅಲ್ಲಿಗೆ ಅನುಭವಸ್ಥನೊಬ್ಬ ಬೇಕೇ ಬೇಕು. ಪನೀರ್, ಅನಾನಸ್, ಜೋಳಕ್ಕೆ ಬೇರೆ ಒಲೆ, ಬೇರೆ ಇಕ್ಕಳ, ಬೇರೆ ಹುಡುಗ.

ಅನ್ನ, ಸಾರು, ಅಕ್ಕಿ ರೊಟ್ಟಿ ಯಾವುದನ್ನೂ ಮೇಲೆ ಒಯ್ಯಲಿಲ್ಲ. ತೋಟದ ಲೆಕ್ಕಪತ್ರ ನೋಡುವ ರೈಟರ್ ಬೆಳಿಗ್ಗೆಯೇ ಹೇಳಿದ್ದರು: "ಅಣ್ಣಾ, ಪಕ್ಕದ ತೋಟದಲ್ಲಿ ಆನೆ ಇದೆ ಅಂತ ಮೆಸೇಜ್ ಬಂದಿದೆ. ಏಳು ಗಂಟೆ ಒಳಗೆ ಎಲ್ಲರನ್ನೂ ಇಳಿಸಿಬಿಡಿ." ಹೊತ್ತು ಮುಳುಗಿದ ಕೂಡಲೇ ಜನ ಇಳಿದರು, ಊಟ ಕಣದಲ್ಲಿ.

ನಾವು ಉಳಿದದ್ದು ಕೆಂಡ ಆರಿಸಲು. ಬೂದಿ ಮುಚ್ಚಿದ ಕೆಂಡ ಬೆಳಗಿನ ತನಕ ಜೀವ ಹಿಡಿದಿರುತ್ತದೆ. ನೀರು ಸುರಿದು, ಕದಡಿ, ಮತ್ತೆ ಸುರಿದು, ಮೇಲೆ ಕೈ ಹಿಡಿದು ನೋಡಿ ಡ್ರಮ್ಮನ್ನು ಜೀಪಿಗೆ ಏರಿಸಿದೆವು. ಒಂದು 200 ಲೀಟರ್ ಡ್ರಮ್ ನೀರನ್ನು ಇದಕ್ಕೇ ಮೀಸಲಿಟ್ಟಿದ್ದೆ, ಕೈ ತೊಳೆಯಲು ಕೇಳಿದ ನೆಂಟರಿಗೂ ಕೊಟ್ಟಿರಲಿಲ್ಲ. ಈಗ ಗುಡ್ಡದ ಮೇಲೆ ಅಂದರೆ ನನ್ನ ರೇಟೇ ಬೇರೆ. ಜೀಪು, ಐಸು, ನೀರು ಎಲ್ಲ ಗಿರಾಕಿಯ ಲೆಕ್ಕಕ್ಕೆ.