ಮಗ ‘ಟೆರಿಟೋರಿಯಲ್ ಆರ್ಮಿಗೆ ಹೋಗ್ತೀನಿ’ ಅಂದರೆ ಮನೆಯವರು ಏನು ಮಾಡಬೇಕು?

ಹೋದ ದೀಪಾವಳಿಗೆ ಅಕ್ಕನ ಮಗ ಮನೆಗೆ ಬಂದಿದ್ದ. ವಯಸ್ಸು 26, ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಹೋಳಿಗೆ ತಿನ್ನುತ್ತಾ ಸುಮ್ನೆ ಹೇಳೋ ಹಾಗೆ “ಮಾಮಾ, ಟೆರಿಟೋರಿಯಲ್ ಆರ್ಮಿಗೆ ಹಾಕೋಣ ಅಂತಿದ್ದೀನಿ” ಅಂದ. ತುಪ್ಪ ಹಾಕುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಭಾವ ಟಿವಿ ಸೌಂಡ್ ಜಾಸ್ತಿ ಮಾಡಿದರು. ಆಮೇಲೆ ಆ ಮಾತು ನನ್ನ ತಲೆಗೆ ಬಂತು, ಮಾವಂದಿರ ಕೆಲಸವೇ ಅದು ಅಲ್ವಾ. ಆ ಒಂದು ತಿಂಗಳಲ್ಲಿ ನಾನು ಕಲಿತಿದ್ದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ದೀಪಾವಳಿ ಬರಬಹುದು.

ಮೊದಲು, ಅದು ಯಾವುದು ಅಂತ ನೀವು ತಿಳಿದುಕೊಳ್ಳಿ

ಭಾವ ಅಂದುಕೊಂಡಿದ್ದು ಅಗ್ನಿವೀರ್ ಅಂತ. ಅಲ್ಲ. ಅಗ್ನಿವೀರರನ್ನು ತೆಗೆದುಕೊಳ್ಳುವ ಅಗ್ನಿಪಥ್ ಯೋಜನೆ ಶುರುವಾಗಿದ್ದು 2022ರಲ್ಲಿ, ಅದು ನಾಲ್ಕು ವರ್ಷದ ಪೂರ್ತಿ ನೌಕರಿ, ಚಿಕ್ಕ ಹುಡುಗರಿಗೆ. ಟೆರಿಟೋರಿಯಲ್ ಆರ್ಮಿ ಹಳೆಯದು. 1948ರಲ್ಲಿ ಕಾನೂನು ಆಯಿತು, 1949ರ ಅಕ್ಟೋಬರ್ 9ರಂದು ರಾಜಾಜಿ ಉದ್ಘಾಟನೆ ಮಾಡಿದರು. ಬೇರೆ ಕೆಲಸ ಮಾಡಿಕೊಂಡಿರುವವರು ವರ್ಷದಲ್ಲಿ ಕೆಲವು ವಾರ ಯೂನಿಫಾರ್ಮ್ ಹಾಕಿ ತರಬೇತಿ ಪಡೆಯುವುದು, ದೇಶಕ್ಕೆ ಬೇಕಾದಾಗ ಹೋಗಿ ನಿಲ್ಲುವುದು, ಇಷ್ಟೇ ಅದರ ಲೆಕ್ಕ. ಅಧಿಕಾರಿ ಆಗಲು 18ರಿಂದ 42 ವರ್ಷದೊಳಗಿರಬೇಕು, ಡಿಗ್ರಿ ಬೇಕು, ಜೊತೆಗೆ ಒಂದು ಸಂಪಾದನೆ ಇರಲೇಬೇಕು. ಈಗಾಗಲೇ ಸೇನೆಯಲ್ಲೋ ಪೊಲೀಸಿನಲ್ಲೋ ಇರುವವರಿಗೆ ಅವಕಾಶ ಇಲ್ಲ.

ಧೋನಿ ಹೆಸರು ಬಂದೇ ಬರುತ್ತದೆ. ಬೆಂಗಳೂರಿನ 106ನೇ ಪ್ಯಾರಾ ಬೆಟಾಲಿಯನ್‌ನಲ್ಲಿ ಅವರು ಲೆಫ್ಟಿನೆಂಟ್ ಕರ್ನಲ್, 2019ರಲ್ಲಿ ಕಾಶ್ಮೀರಕ್ಕೂ ಹೋಗಿ ಬಂದರು. ಆದರೆ ಅವರದ್ದು ಗೌರವ ಹುದ್ದೆ. ನಮ್ಮ ಹುಡುಗ ಪರೀಕ್ಷೆ ಬರೆದು, ಬೆವರು ಸುರಿಸಿ ಹೋಗಬೇಕು.

ಆಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿ

ಎಲ್ಲಕ್ಕಿಂತ ಮುಖ್ಯ ಇದು, ಆದರೆ ಯಾರೂ ಮಾಡಲ್ಲ. ದೇಶಭಕ್ತಿ, ಅಪಾಯ, ಮದುವೆ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಕೆಲಸದ ಮಾತು ಮಾತ್ರ ಬಿಟ್ಟುಬಿಡುತ್ತೇವೆ. ಈ ಸೇವೆ ನಿಂತಿರುವುದೇ ಹುಡುಗನ ಬೇರೆ ಕೆಲಸದ ಮೇಲೆ.

ನಾವು ಕ್ಯಾಲೆಂಡರ್ ಇಳಿಸಿ, ಪೆನ್ಸಿಲ್ ಹಿಡಿದು ಕೂತೆವು. ಅಧಿಕಾರಿಗಳಿಗೆ ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ. ಪ್ರತಿ ವರ್ಷ ಎರಡು ತಿಂಗಳ ಕ್ಯಾಂಪ್, ಮೊದಲ ವರ್ಷವೂ ಬಿಡುವಿಲ್ಲ. ಮೊದಲ ಎರಡು ವರ್ಷದೊಳಗೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ಇನ್ನೂ ಮೂರು ತಿಂಗಳು. ಕೂಡಿದರೆ ಎರಡು ವರ್ಷದಲ್ಲಿ ಎಂಟು ತಿಂಗಳು! ಹುಡುಗ ಪೆನ್ಸಿಲ್ ಕೆಳಗಿಟ್ಟ. ಅಕೌಂಟ್ಸ್‌ನವನಿಗೆ ಮಾರ್ಚ್ ಕೊನೆಯಲ್ಲಿ ಉಸಿರಾಡೋಕೂ ಆಗಲ್ಲ, ಸೆಪ್ಟೆಂಬರ್‌ನಲ್ಲಿ ಆಡಿಟ್. ಕ್ಯಾಂಪ್ ಯಾವಾಗ ಅನ್ನೋದನ್ನು ಯೂನಿಟ್ ಹೇಳುತ್ತದೆ, ನಮ್ಮ ಆಡಿಟರ್ ಅಲ್ಲ.

ಸೇವೆಗೆ ಕರೆಸಿಕೊಂಡ ಕಾರಣಕ್ಕೆ ಕೆಲಸ ಕಳೆದುಕೊಳ್ಳಬಾರದು, ವಾಪಸ್ ಬಂದ ಮೇಲೆ ಮಾಲೀಕರು ಮತ್ತೆ ತೆಗೆದುಕೊಳ್ಳಬೇಕು ಅಂತ ಕಾನೂನಿನಲ್ಲೇ ಇದೆ. ಸರಿ. ಆದರೆ ಪ್ರಮೋಷನ್ ಯಾರಿಗೆ ಕೊಡಬೇಕು ಅಂತ ಕಾನೂನು ಹೇಳಲ್ಲ. ಅದಕ್ಕೇ ಅರ್ಜಿ ಹಾಕೋ ಮೊದಲೇ ಬಾಸ್ ಹತ್ತಿರ ಬಾಯಿ ಬಿಟ್ಟು ಕೇಳಲಿ. ಅವನ ಹಿಂದಿನ ಕಂಪನಿಯಲ್ಲಿ ತಂಗಿ ಮದುವೆಗೆ ಎಂಟು ದಿನ ರಜೆ ಕೇಳಿದ್ದಕ್ಕೇ ಮುಖ ಊದಿಸಿಕೊಂಡಿದ್ದರು. ಅಂಥ ಕಡೆ ಎರಡು ತಿಂಗಳು ಕೇಳಿದರೆ ಏನಾಗುತ್ತೆ, ನೀವೇ ಊಹಿಸಿ.

‘ಪಾರ್ಟ್ ಟೈಮ್’ ಅನ್ನೋ ಪದವನ್ನು ನಂಬಬೇಡಿ

ಸರ್ಕಾರ ಕರೆದರೆ ಹೋಗಲೇಬೇಕು. ಎರಡು ತಿಂಗಳ ಮಾತು ಆಗ ನಡೆಯಲ್ಲ. ಈ ಕರೆಗೆ ಎಂಬಾಡಿಮೆಂಟ್ ಅಂತಾರೆ. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಜೊತೆ ಗಲಾಟೆ ಜೋರಾದಾಗ, ಟೆರಿಟೋರಿಯಲ್ ಆರ್ಮಿಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟು ಕೇಂದ್ರ ಆದೇಶ ಹೊರಡಿಸಿತು. ಇರುವ 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ಕರೆಸಿಕೊಳ್ಳೋ ಮಾತು ಅದರಲ್ಲಿತ್ತು. ಅಕ್ಕನಿಗೆ ಇದನ್ನು ನಾನೇ ಓದಿ ಹೇಳಿದೆ. ಮುಚ್ಚಿಟ್ಟು ಒಪ್ಪಿಸುವುದು ನನಗೆ ಸರಿ ಕಾಣಲಿಲ್ಲ.

ಅಧಿಕಾರಿ ಆಗದೆ ಸಿಪಾಯಿಯಾಗಿ ಸೇರುವವರು ಇನ್ನೂ ಹುಷಾರಾಗಿ ಯೋಚಿಸಬೇಕು. ಕಾಲಾಳು ಬೆಟಾಲಿಯನ್‌ಗೆ ಸೇರಿದ ಎಷ್ಟೋ ಹುಡುಗರು ವರ್ಷಗಟ್ಟಲೆ ಗಡಿ ಕಡೆಯೇ ಇರುತ್ತಾರೆ, ಅವರಿಗೆ ಪಾರ್ಟ್ ಟೈಮ್ ಅನ್ನೋದು ಹೆಸರಿಗಷ್ಟೇ. ಆದರೂ 2024ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಭರ್ತಿ ರ‍್ಯಾಲಿ ನಡೆದಾಗ ಸಾವಿರಾರು ಹುಡುಗರು ಬಂದು ನಿಂತಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ಕೈಯಲ್ಲಿ ಬೇರೆ ಕೆಲಸ ಇಲ್ಲದ್ದೇ ಬರಲು ಕಾರಣ ಅಂತ ನನ್ನ ಅನಿಸಿಕೆ.

ದುಡ್ಡಿನ ಮಾತು ಬೇಗ ಮುಗಿಸಿ

ಯೂನಿಫಾರ್ಮ್‌ನಲ್ಲಿ ಇದ್ದಷ್ಟು ದಿನ ಸೇನೆಯ ಸಂಬಳ, ರೆಗ್ಯುಲರ್ ಅಧಿಕಾರಿಗಳಿಗೆ ಇದ್ದಂತೆಯೇ. ಮನೆಗೆ ಬಂದರೆ ಅದು ನಿಲ್ಲುತ್ತದೆ. ಅಧಿಕಾರಿಗೆ ಪಿಂಚಣಿ ಬೇಕಾದರೆ ಹೀಗೆ ಕರೆಸಿಕೊಂಡು ದುಡಿದ ದಿನಗಳೇ ಕೂಡಿ 20 ವರ್ಷ ಆಗಬೇಕು. ಪಿಂಚಣಿ ನಂಬಿಕೊಂಡು ಹೋಗುವ ಜಾಗ ಇದಲ್ಲ.

ದೇಹದ ಪರೀಕ್ಷೆ ಮನೆಯಲ್ಲೇ ಶುರು ಮಾಡಿ

ನಮ್ಮ ಹಳೇ ಮನೆಯ ಕೆಂಪು ಗಾರೆ ನೆಲ ಇದಕ್ಕೆ ಚೆನ್ನಾಗಿ ಒದಗಿತು. ಪಾದ ಒದ್ದೆ ಮಾಡಿಕೊಂಡು ನಡಿ ಅಂದೆ. ಹೆಜ್ಜೆ ಗುರುತಿನ ಒಳಬದಿಯಲ್ಲಿ ಬಾಗು ಕಾಣಬೇಕು, ಇಡೀ ಪಾದ ಅಚ್ಚೊತ್ತಿದರೆ ಚಪ್ಪಟೆ ಪಾದ ಇರಬಹುದು. ಆಮೇಲೆ ಕನ್ನಡಿ ಮುಂದೆ ಕಾಲು ಜೋಡಿಸಿ ನಿಲ್ಲಿಸಿದೆ, ಮಂಡಿ ಒಂದಕ್ಕೊಂದು ತಾಗಿ ಹಿಮ್ಮಡಿ ದೂರ ನಿಲ್ಲುತ್ತಾ ಅಂತ. ಇಲ್ಲ, ಸದ್ಯ. ಕಣ್ಣು, ಹಲ್ಲು, ಕಿವಿಯನ್ನು ಡಾಕ್ಟರ್‌ಗೆ ತೋರಿಸಿಕೊಂಡು ಬಂದ. ಕಿವಿಯಲ್ಲಿ ಗುಗ್ಗೆ ತುಂಬಿತ್ತು, ಅದಕ್ಕೇ ಅವನಿಗೆ ಅಮ್ಮನ ಮಾತು ಕೇಳಿಸ್ತಿರಲಿಲ್ಲ ಅಂತ ಭಾವ ಮೊದಲ ಸಲ ನಕ್ಕರು.

ಮುಂದಿನದ್ದು ಹುಡುಗನ ಪಾಲಿನದು: ಪ್ರಕಟಣೆ ಬಂದಾಗ ಅಧಿಕೃತ ವೆಬ್‌ಸೈಟ್‌ನಲ್ಲಿ ಅರ್ಜಿ, ಲಿಖಿತ ಪರೀಕ್ಷೆ, ಅದು ಪಾಸಾದರೆ ಸೇನಾಧಿಕಾರಿಗಳನ್ನು ಆರಿಸುವ ಮಂಡಳಿ, ಅಂದರೆ ಎಸ್‌ಎಸ್‌ಬಿ. ಎಸ್‌ಎಸ್‌ಬಿ ಕೇಂದ್ರ ಬೆಂಗಳೂರಿನಲ್ಲೂ ಇದೆ. ಐದು ದಿನದ ಆಯ್ಕೆ ಅದು. ಮೊದಲ ದಿನವೇ ಒಂದು ಮಸುಕು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಗುಂಪಿನಲ್ಲಿ ಮಾತಾಡಿಸುತ್ತಾರೆ, ದಾಟದವರು ಅವತ್ತೇ ವಾಪಸ್. ಉಳಿದವರಿಗೆ ಒಂದೊಂದೇ ಪದ ತೋರಿಸಿ ತಲಾ 15 ಸೆಕೆಂಡಿನಲ್ಲಿ ವಾಕ್ಯ ಬರೆಸುತ್ತಾರೆ, ಅಂಥ 60 ಪದ. ನಾನು ಅಡುಗೆಮನೆಯಲ್ಲಿ ಕೂತು ಪದ ಕೂಗಿದೆ, ಅವನು ಬರೆದ. ‘ಭಯ’ ಅಂದಾಗ ಪೆನ್ನು ಆಡಲೇ ಇಲ್ಲ.

ದುಡ್ಡು ಕೊಟ್ಟರೆ ಸೀಟು ಮಾಡಿಸ್ತೀನಿ ಅನ್ನುವವನು ಸಿಕ್ಕೇ ಸಿಗುತ್ತಾನೆ. ಅವನಿಗೆ ಚಹಾ ಕೂಡ ಕುಡಿಸಬೇಡಿ.

ತಾಯಿಯ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ

ನನ್ನಿಂದ ಆದ ತಪ್ಪು ಇದೇ. ಅಕ್ಕ ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡುತ್ತಾ ಹೋದೆ, ವಕೀಲನ ಹಾಗೆ. ಕೊನೆಗೆ ಅವಳು “ನೀ ಸುಮ್ನಿರು, ಅವನೇ ಹೇಳಲಿ” ಅಂದಳು. ಅವನು ಹೇಳಿದ್ದು ಎರಡೇ ಮಾತು: “ಆಫೀಸ್ ಬಿಡಲ್ಲ ಅಮ್ಮ. ಆಫೀಸ್ ಒಂದೇ ಸಾಲ್ತಿಲ್ಲ.” ಅಕ್ಕ ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದಳು.

ಬಾಸ್‌ನ ಕೇಳಿದ್ದಾನೆ. ಮಾರ್ಚ್ ಬಿಟ್ಟು ಯಾವಾಗ ಬೇಕಾದರೂ ಹೋಗು ಅಂದರಂತೆ. ಬರೆದು ಕೊಡಿ ಅಂದಿದ್ದಕ್ಕೆ ನೋಡೋಣ ಅಂದಿದ್ದಾರೆ. ಅರ್ಜಿ ಇನ್ನೂ ಹಾಕಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಓಡುತ್ತಾನೆ, ಅಕ್ಕ ಹಿಂದಿನ ರಾತ್ರಿಯೇ ಕಡಲೆಕಾಳು ನೆನೆಸಿಟ್ಟಿರುತ್ತಾಳೆ.