ಮೇನ್ ಆಫ್ ಮಾಡಿದರೆ ಸಾಕಾ? ಮಳೆಗಾಲಕ್ಕೆ ಮುಂಚೆ ಡಿಬಿ ಬಾಕ್ಸ್ ನೋಡಿಕೊಳ್ಳುವ ಬಗೆ

ಮಳೆಗಾಲ ಹತ್ತಿರ ಬಂತೆಂದರೆ ಹೆಂಚು ಸರಿ ಮಾಡಿಸುತ್ತೇವೆ, ಟೆರೇಸಿನ ಪೈಪಿನಿಂದ ಕಸ ತೆಗೆಸುತ್ತೇವೆ. ಮನೆಯ ಎಲ್ಲ ಲೈನುಗಳಿಗೂ ಕರೆಂಟ್ ಹಂಚುವ ಡಿಬಿ ಬಾಕ್ಸ್ ಮಾತ್ರ ಕರೆಂಟ್ ಹೋದಾಗಷ್ಟೇ ನೆನಪಾಗುತ್ತದೆ. ಮೃಗಶಿರ ಮಳೆ ಹಿಡಿಯುವ ಮೊದಲೇ, ಮೇ ತಿಂಗಳ ಒಂದು ಒಣ ದಿನ, ಹಗಲು ಹೊತ್ತಿನಲ್ಲಿ ಇದನ್ನು ಮುಗಿಸಿ. ರಾತ್ರಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮಾಡುವ ಕೆಲಸ ಇದಲ್ಲ.

ಕರೆಂಟ್ ಇರುವಾಗಲೇ ಎರಡು ಪರೀಕ್ಷೆ ಮಾಡಬೇಕು. ಡಿಬಿಯಲ್ಲಿ ಆರ್‌ಸಿಸಿಬಿ ಇರುತ್ತದೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು. ಅದರ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ, ಒತ್ತಿ. ಟಪ್ಪಂತ ಬೀಳಬೇಕು. ಬೀಳದಿದ್ದರೆ ಹೊಸದು ಹಾಕಿಸಿ, ರಿಪೇರಿ ಗಿಪೇರಿ ಬೇಡ. ಶಾಕ್‌ನಿಂದ ಜೀವ ಉಳಿಸಲು 30 ಮಿಲಿಆಂಪ್‌ನದೇ ಬೇಕು. ಅಂಗಡಿಯವರು 100 ಅಥವಾ 300ರದ್ದು ಕೊಟ್ಟರೆ ವಾಪಸ್ ಕೊಡಿ. ಗುಂಡಿ ಒತ್ತಿದಾಗ ಬಿತ್ತು ಎಂದ ಮಾತ್ರಕ್ಕೆ ಅರ್ಥಿಂಗ್ ಸರಿ ಇದೆ ಎಂದಲ್ಲ, ಅದನ್ನು ಬೇರೆಯಾಗಿಯೇ ಅಳೆಸಬೇಕು. ಮಣ್ಣು ಒಣಗಿರುವ ಮೇ ತಿಂಗಳೇ ಅದಕ್ಕೂ ಒಳ್ಳೆಯ ಸಮಯ.

ಮಳೆಯಲ್ಲಿ ಪದೇ ಪದೇ ಬೀಳುತ್ತೆ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸಿದ ಮನೆಗಳನ್ನು ನೋಡಿದ್ದೇನೆ. ತಪ್ಪು ಅದರದ್ದಲ್ಲ. ಗೇಟಿನ ದೀಪಕ್ಕೋ ಸಂಪಿನ ಮೋಟಾರಿಗೋ ನೀರು ಇಳಿದಿರುತ್ತದೆ. ಅಲ್ಲಿ ಹುಡುಕಿಸಿ.

ಎರಡನೆಯ ಪರೀಕ್ಷೆ, ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಎಂಸಿಬಿಗಳ, ಅಂದರೆ ಕರೆಂಟು ಮಿತಿಮೀರಿದರೆ ತಾವೇ ಬೀಳುವ ಪುಟ್ಟ ಸ್ವಿಚ್ಚುಗಳ, ಮುಂಭಾಗವನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ, ಪ್ಲಾಸ್ಟಿಕ್ ಹಳದಿ ತಿರುಗಿದ್ದರೆ, ಮೀನಿನಂಥ ವಾಸನೆ ಬಂದರೆ ಅಲ್ಲಿ ವೈರ್ ಲೂಸ್ ಆಗಿರುವ ಸಂಭವ ಜಾಸ್ತಿ. ಲೂಸ್ ಜಾಗ ಬಿಸಿಯಾಗುತ್ತದೆ, ಬಿಸಿಗೆ ಇನ್ನಷ್ಟು ಸಡಿಲವಾಗುತ್ತದೆ. ಹರಿಯುವ ಕರೆಂಟು ಹೆಚ್ಚಾಗಿರುವುದಿಲ್ಲವಾದ್ದರಿಂದ ಎಂಸಿಬಿ ಬೀಳುವುದೂ ಇಲ್ಲ.

ಇನ್ನು ಆಫ್ ಮಾಡುವುದು. ಜನ ಎಡವುವುದೇ ಇಲ್ಲಿ. ಡಿಬಿ ಒಳಗಿನ ಮೇನ್ ಕೆಳಗಿಳಿಸಿದರೂ ಮೀಟರಿನಿಂದ ಅದಕ್ಕೆ ಬರುವ ವೈರುಗಳಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಆದ್ದರಿಂದ ಮೀಟರ್ ಪಕ್ಕದ ಮೇನ್ ಸ್ವಿಚ್ಚನ್ನೇ ಆಫ್ ಮಾಡಬೇಕು. ಅಲ್ಲಿ ಸ್ವಿಚ್ಚೇ ಇಲ್ಲವೆಂದರೆ ಡಿಬಿಯ ಕವರ್ ಬಿಚ್ಚಲೇಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಯಿರಿ. ಅದಕ್ಕಿಂತ ಮೋಸದ್ದು ಇನ್ವರ್ಟರ್. ನೀವು ಮೇನ್ ತೆಗೆದ ಕೂಡಲೇ ಅದು ಕರೆಂಟ್ ಹೋಯಿತೆಂದು ಬ್ಯಾಟರಿಯಿಂದ ದೀಪದ ಲೈನಿಗೆ ಅಷ್ಟೇ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಅದರ ಮುಂದಿನ ಸ್ವಿಚ್ ಒತ್ತಿದರೆ ಸಾಲದು, ಔಟ್‌ಪುಟ್ ಪ್ಲಗ್ ಕಿತ್ತಿಡಿ. ಪ್ಲಗ್ ಇಲ್ಲದೆ ನೇರ ವೈರ್ ಕೊಟ್ಟಿದ್ದರೆ ಆ ಕೆಲಸವೂ ಎಲೆಕ್ಟ್ರಿಷಿಯನ್‌ನದೇ.

ಆಮೇಲೂ ನಂಬಬೇಡಿ. ಸ್ಕ್ರೂಡ್ರೈವರಿನಂಥ, ಒಳಗೆ ಪುಟ್ಟ ದೀಪವಿರುವ ನಿಯಾನ್ ಟೆಸ್ಟರ್, ನೀವು ಚಪ್ಪಲಿ ಹಾಕಿ ಸ್ಟೂಲ್ ಮೇಲೆ ನಿಂತಾಗ ಸರಿಯಾಗಿ ಉರಿಯದೇ ಇರಬಹುದು. ಸಂತೆಯಲ್ಲಿ ಸಿಗುವ ಅಗ್ಗದ ಟೆಸ್ಟರನ್ನಂತೂ ನಾನು ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತನ್ನಿ. ಮೇನ್ ತೆಗೆಯುವ ಮೊದಲೇ ಒಂದು ಸಾಕೆಟ್ಟಿನಲ್ಲಿ ಅದು 230ರ ಆಸುಪಾಸು ತೋರಿಸುತ್ತದಾ ನೋಡಿಕೊಳ್ಳಿ. ಈಗ ಡಿಬಿಯಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಕಡೆ ಇಟ್ಟು ನೋಡಿ. ಎಲ್ಲಾದರೂ ವೋಲ್ಟೇಜ್ ತೋರಿಸಿದರೆ ಕವರ್ ಮುಚ್ಚಿಬಿಡಿ.

ಸೊನ್ನೆ ಬಂತೇ? ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಿಡಿದು, ವೈರುಗಳನ್ನು ಹಿಡಿದಿರುವ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿ. ಮೈಮೇಲೆ ಬಂದವರಂತೆ ತಿರುವಬೇಡಿ, ಅತಿಯಾದರೆ ಟರ್ಮಿನಲ್ಲೇ ಬಿರುಕು ಬಿಡುತ್ತದೆ. ಬಿಗಿ ಮಾಡಿದ ಮೇಲೆ ವೈರನ್ನು ಮೆಲ್ಲಗೆ ಜಗ್ಗಿ ನೋಡಿ. ಕೆಲವೊಮ್ಮೆ ವೈರ್ ಕ್ಲಾಂಪಿನ ಒಳಗೆ ಹೋಗದೆ ಹಿಂದೆ ಕೂತಿರುತ್ತದೆ. ಸ್ಕ್ರೂ ಪೂರ್ತಿ ಬಿಗಿ, ವೈರ್ ಮಾತ್ರ ಕೈಗೇ ಬರುತ್ತದೆ! ಸ್ಕ್ರೂ ಕೆಳಗೆ ತಾಮ್ರದ ಬದಲು ಪ್ಲಾಸ್ಟಿಕ್ ಸಿಕ್ಕಿಕೊಂಡಿರುವುದೂ ಉಂಟು. ತುದಿ ಕಪ್ಪಾಗಿದ್ದರೆ ಅದನ್ನು ಕತ್ತರಿಸಿ, ಹೊಸದಾಗಿ ಸಿಪ್ಪೆ ಸುಲಿದು ಹಾಕಬೇಕು.

ಎಲ್ಲರೂ ಮರೆಯುವುದು ನ್ಯೂಟ್ರಲ್ ಲಿಂಕ್, ನ್ಯೂಟ್ರಲ್ ವೈರುಗಳೆಲ್ಲ ಸೇರುವ ಆ ಹಿತ್ತಾಳೆ ಪಟ್ಟಿ. ತ್ರೀ ಫೇಸ್ ಮನೆಯಲ್ಲಿ ಮುಖ್ಯ ನ್ಯೂಟ್ರಲ್ ಕಳಚಿಕೊಂಡರೆ ವೋಲ್ಟೇಜು ಮೂರು ಫೇಸುಗಳ ನಡುವೆ ಲೋಡಿಗೆ ತಕ್ಕಂತೆ ಹಂಚಿಹೋಗುತ್ತದೆ. ಒಂದು ರೂಮಿನ ಬಲ್ಬು ಮಂಕಾದರೆ ಇನ್ನೊಂದರಲ್ಲಿ 400 ವೋಲ್ಟಿನ ಹತ್ತಿರ ಹೋಗಿ ಟಿವಿ, ಫ್ರಿಡ್ಜು ಸುಟ್ಟುಹೋಗಬಹುದು. ಈ ಪಟ್ಟಿಯ ಒಂದು ಸ್ಕ್ರೂವನ್ನೂ ಬಿಡಬೇಡಿ.

ಧೂಳನ್ನು ಒಣ ಪೇಂಟ್ ಬ್ರಷ್ಷಿನಿಂದ ಕೊಡವಿ. ಖಾಲಿ ತೂತುಗಳಿಗೆ ಮುಚ್ಚಳ ಹಾಕಿ, ಹಲ್ಲಿ ನುಗ್ಗುವುದು ಅಲ್ಲಿಂದಲೇ. ಹಲ್ಲಿ ಬರದಿರಲೆಂದು ನುಸಿಗುಳಿಗೆ ಇಡುತ್ತಾರೆ. ಬೇಡವೇ ಬೇಡ, ಅದು ಬೆಂಕಿ ಹತ್ತುವ ವಸ್ತು. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ. ಗೀಸರಿನ 16 ಆಂಪ್ ಎಂಸಿಬಿ ಬೀಳುತ್ತದೆಂದು ಹಳೇ ವೈರಿಗೇ 32ರದ್ದು ಹಾಕುವುದು ಇನ್ನೂ ಕೆಟ್ಟದ್ದು. ಆಗ ಎಂಸಿಬಿ ಉಳಿಯುತ್ತದೆ, ವೈರ್ ಸುಡುತ್ತದೆ.

ಬಾಕ್ಸಿನೊಳಗೆ ನೀರಿನ ಕಲೆ ಕಂಡರೆ ಅಲ್ಲೇ ಸಿಲಿಕಾನ್ ಮೆತ್ತಿ ಕೂರಬೇಡಿ. ನೀರು ಬಹುಪಾಲು ಟೆರೇಸಿನಿಂದ ಪೈಪಿನೊಳಗೆ ಇಳಿದು ಬಂದಿರುತ್ತದೆ, ಮುಚ್ಚಬೇಕಾದ್ದು ಮೇಲಿನ ಬಾಯಿ.

ಕವರ್ ಹಾಕಿದ ಮೇಲೆ ಮೊದಲು ಮೇನ್, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಹಾಕಿ, ಕೊನೆಗೆ ಇನ್ವರ್ಟರ್ ಪ್ಲಗ್. ಮೀಟರ್ ಕಡೆಯಿಂದ ಚರಚರ ಸದ್ದು ಬಂದರೆ ಅದರ ಸೀಲ್ ಮುಟ್ಟಬೇಡಿ, ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.