ಪಾಕ ಬಾರದವನ ಸಿಹಿ ಕ್ಯಾರಿಯರ್

ನಾನು ಕೈಯಾರೆ ಮಾಡಿ ಬೇರೆಯವರ ಮನೆ ಊಟಕ್ಕೆ ಒಯ್ದ ಮೊದಲ ಸಿಹಿ ಮೈಸೂರ್ ಪಾಕ್. ಅದನ್ನು ಕಡೆಗೆ ಕುಟ್ಟಾಣಿಗೆ ಹಾಕಿ ಕುಟ್ಟಬೇಕಾಯಿತು.

ನಾನು ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜದ ಸಿಪ್ಪೆ ಸುಲಿದು ವಿಂಗಡಿಸುವ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುವವನು. ಒಂಟಿ ಜೀವ, ಬಾಡಿಗೆ ಮನೆ, ಎರಡು ಬರ್ನರ್ ಒಲೆ. ಅನ್ನ, ತಿಳಿಸಾರು, ಮೊಟ್ಟೆ ಪಲ್ಯ, ಇಷ್ಟರಲ್ಲೇ ನನ್ನ ಅಡುಗೆ ಮುಗಿಯುತ್ತದೆ. ನಾವು ನಾಲ್ಕು ಮನೆಯವರು ತಿಂಗಳಿಗೊಂದು ಸಲ ಯಾರಾದರೊಬ್ಬರ ಮನೆಯಲ್ಲಿ ರಾತ್ರಿ ಊಟಕ್ಕೆ ಸೇರುತ್ತೇವೆ. ಆ ಮನೆಯವರು ಅಡುಗೆ ಮಾಡುತ್ತಾರೆ, ಉಳಿದವರು ಒಂದೊಂದು ತರಬೇಕು. ನನ್ನ ಪಾಲಿಗೆ ಸಿಹಿ ಬಂತು. ಅಂಗಡಿಯಲ್ಲಿ ಸಿಗುತ್ತದಲ್ಲ, ಅದಕ್ಕೆ. ಎರಡು ವರ್ಷ ಬೇಕರಿ ಡಬ್ಬಿಯನ್ನೇ ಹಿಡಿದುಕೊಂಡು ಹೋದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಊಟ ಮುಗಿದ ಮೇಲೂ ಡಬ್ಬಿಯಲ್ಲಿ ಅರ್ಧ ಉಳಿದಿರುತ್ತಿತ್ತು.

ಆ ಉಳಿದ ಅರ್ಧವೇ ನನ್ನನ್ನು ಕೆಣಕಿತು. ಮೂಡಿಗೆರೆ ರಸ್ತೆಯ ಗೆಳೆಯನ ತೋಟದ ಮನೆಗೆ ಹೋಗಬೇಕಿದ್ದ ಶನಿವಾರ ಮೊಬೈಲಿನಲ್ಲಿ ವಿಡಿಯೋ ಹಚ್ಚಿಟ್ಟುಕೊಂಡು ಮೈಸೂರ್ ಪಾಕ್‌ಗೆ ಇಳಿದೆ. ಸಕ್ಕರೆ ಪಾಕ ಒಂದೆಳೆಗೆ ಬಂತು ಅಂದುಕೊಂಡೆ. ಕಡಲೆಹಿಟ್ಟು ಹಾಕಿದೆ, ಕಾದ ತುಪ್ಪ ಸೌಟು ಸೌಟಾಗಿ ಸುರಿದೆ, ನೊರೆ ಎದ್ದಿತು, ಮನೆಯೆಲ್ಲ ಘಮಘಮ. ಅಷ್ಟರಲ್ಲಿ ಅದೇ ಮೊಬೈಲಿಗೆ ಆಫೀಸಿನಿಂದ ಫೋನ್ ಬಂತು. ಒಂದೇ ನಿಮಿಷ ಮಾತಾಡಿದೆ, ಅಷ್ಟೇ. ತಟ್ಟೆಗೆ ಸುರಿಯುವ ಹೊತ್ತಿಗೆ ಅದು ಬಾಣಲೆಯಲ್ಲೇ ಕೂತುಬಿಟ್ಟಿತ್ತು.

ಆದರೂ ಒಯ್ದೆ. ಕಡುಬು, ಕೋಳಿ ಸಾರು ಮುಗಿದ ಮೇಲೆ ಡಬ್ಬಿ ತೆರೆದರೆ ಚಾಕು ಇಳಿಯಲಿಲ್ಲ. ಗೆಳೆಯನ ಮಗ ಒಂದು ತುಂಡನ್ನು ಮೇಜಿಗೆ ಕುಟ್ಟಿ ಸದ್ದು ಮಾಡಿ ತೋರಿಸಿದ. ಗೆಳೆಯನ ಅಮ್ಮ ಮಾತಾಡದೆ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಕುಟ್ಟಾಣಿಯ ಸದ್ದು ಕೇಳಿತು. ಕಾಲು ಗಂಟೆಗೆ ಅದೇ ಪುಡಿ ಹಾಲಿನಲ್ಲಿ ಕುದ್ದು, ಏಲಕ್ಕಿ ಬಿದ್ದು, ಪಾಯಸವಾಗಿ ಲೋಟದಲ್ಲಿ ಬಂತು. ಎಲ್ಲರೂ ಎರಡನೇ ಸಲ ಹಾಕಿಸಿಕೊಂಡರು. ಕೈ ತೊಳೆಯುವಾಗ ಅಮ್ಮ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: “ಪಾಕದ್ದಕ್ಕೆ ಕೈ ಹಾಕಬೇಡ ಮಾರಾಯ. ಒಂದೆಳೆ ಎರಡೆಳೆ ಬೆರಳಲ್ಲಿ ನೋಡೋದು ನನಗೇ ಈಗಲೂ ಒಂದೊಂದ್ಸಲ ತಪ್ಪುತ್ತೆ. ಅಳತೆ ಹಾಕಿ ಬಿಟ್ಟುಬಂದ್ರೆ ತಾನಾಗೇ ಆಗೋದೇನಾದ್ರೂ ಮಾಡು.”

ಮನೆಗೆ ಬಂದು ಅದನ್ನೇ ಯೋಚಿಸಿದೆ. ಮೈಸೂರ್ ಪಾಕ್, ಹಾಲುಬಾಯಿ, ಕೊಬ್ಬರಿ ಮಿಠಾಯಿ, ಹೋಳಿಗೆ ಎಲ್ಲ ಹದ ಕೇಳುತ್ತವೆ. ಹದ ಅನ್ನುವುದು ಕೈಯಲ್ಲಿರುತ್ತದೆ, ವಿಡಿಯೋದಲ್ಲಿ ಇರುವುದಿಲ್ಲ. ಇನ್ನು ಕೆಲವಕ್ಕೆ ಅಳತೆ ಸರಿಯಿದ್ದು ಹೊತ್ತು ಕೊಟ್ಟರೆ ಸಾಕು. ತೂಗುಹಾಕಿದರೆ ಗಟ್ಟಿಯಾಗುವ ಮೊಸರು, ಆವಿಗೆ ಹೆಪ್ಪುಗಟ್ಟುವ ಹಾಲು, ತಣ್ಣಗಾದರೆ ಕೂರುವ ಚೈನಾ ಗ್ರಾಸ್. ಲೆಕ್ಕ ಬರೆಯುವವನಿಗೆ ಅಳತೆ ಕಷ್ಟವಲ್ಲ. ಅವತ್ತೇ ತೀರ್ಮಾನ ಮಾಡಿದೆ: ಒಲೆಯ ಮುಂದೆ ನಿಂತು ‘ಈಗ, ಈಗಲೇ’ ಅನ್ನಬೇಕಾದ ಯಾವುದನ್ನೂ ಮಾಡುವುದಿಲ್ಲ.

ಮೊದಲು ಶ್ರೀಖಂಡ. ನಂದಿನಿ ಮೊಸರು ಅರ್ಧ ಕೆಜಿಯ ಎರಡು ಪ್ಯಾಕೆಟ್ ತಂದು, ತೊಳೆದು ಒಣಗಿಸಿದ ಹಳೇ ಪಂಚೆಯ ತುಂಡಿಗೆ ಸುರಿದು, ಗಂಟು ಕಟ್ಟಿ ಸಿಂಕಿನ ನಲ್ಲಿಗೆ ತೂಗುಹಾಕಿ ಮಲಗಿದೆ. ನಮ್ಮ ಊರಿನ ಡಿಸೆಂಬರ್ ಚಳಿಗೆ ರಾತ್ರಿಯಿಡೀ ಹೊರಗಿದ್ದರೂ ಹುಳಿಯಾಗಲಿಲ್ಲ. ಬೇಸಿಗೆಯಲ್ಲಿ ಹಾಗೆ ಮಾಡಬೇಡಿ, ಜರಡಿಯ ಮೇಲೆ ಗಂಟಿಟ್ಟು ಕೆಳಗೊಂದು ಪಾತ್ರೆ ಕೊಟ್ಟು ಫ್ರಿಜ್ಜಿನಲ್ಲೇ ಇಡಿ. ಬೆಳಿಗ್ಗೆ 1 ಕೆಜಿಗೆ ಹೆಚ್ಚುಕಡಿಮೆ 400 ಗ್ರಾಂ ಗಟ್ಟಿ ಮೊಸರು ಸಿಕ್ಕಿತು. ಇಳಿದ ನೀರು ಚೆಲ್ಲಲಿಲ್ಲ, ಸಾರಿಗೆ ಹಾಕಿದೆ, ಹುಣಸೆಹಣ್ಣು ಬೇಡವಾಯಿತು. 150 ಗ್ರಾಂ ಸಕ್ಕರೆ ಪುಡಿ ಮಾಡಿ ಬೆರೆಸಿ, ಹಿಟ್ಟು ಜಾಲಿಸುವ ಜರಡಿಯಲ್ಲಿ ಸೌಟಿನ ಹಿಂಬದಿಯಿಂದ ಉಜ್ಜಿ ಇಳಿಸಿದೆ. ಈ ಉಜ್ಜುವ ಕೆಲಸ ಬೇಸರದ್ದು, ಆದರೆ ಬಿಡಬೇಡಿ. ಬೆಣ್ಣೆಯ ಹಾಗೆ ನುಣ್ಣಗಾಗುವುದು ಅಲ್ಲೇ. ಎರಡು ಚಮಚ ಬಿಸಿ ಹಾಲಿನಲ್ಲಿ ನೆನೆಸಿದ ಕೇಸರಿ, ಏಲಕ್ಕಿ ಪುಡಿ. ಮುಗಿಯಿತು.

ಅವತ್ತು ಡಬ್ಬಿ ಖಾಲಿಯಾಗಿ ಬಂತು. ಅದೇ ಹುಮ್ಮಸ್ಸಿನಲ್ಲಿ ಮುಂದಿನ ತಿಂಗಳು ಹಸಿ ಅನಾನಸ್ ಹೆಚ್ಚಿ ಅದೇ ಶ್ರೀಖಂಡಕ್ಕೆ ಬೆರೆಸಿ ಒಯ್ದೆ. ಎರಡು ಗಂಟೆಯಲ್ಲಿ ನೀರು ಬಿಟ್ಟು ಕಹಿಯಾಗಿತ್ತು. ಅನಾನಸ್‌ನಲ್ಲಿರುವ ಬ್ರೊಮೆಲಿನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದಂತೆ. ಸಕ್ಕರೆ ಹಾಕಿ ಐದು ನಿಮಿಷ ಬೇಯಿಸಿ, ಪೂರ್ತಿ ಆರಿಸಿ ಹಾಕಿದರೆ ಏನೂ ಆಗುವುದಿಲ್ಲ. ಇದನ್ನು ಆಮೇಲೆ ತಿಳಿದುಕೊಂಡೆ.

ನನಗೆ ಹೆಸರು ತಂದುಕೊಟ್ಟದ್ದು ಮಾತ್ರ ಕಾಫಿ ಪುಡ್ಡಿಂಗ್. ಕಾಫಿ ತೋಟದವರ ಮನೆಗೆ ಕಾಫಿಯ ಸಿಹಿ ಒಯ್ಯುವುದೆಂದರೆ ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಿದ ಹಾಗೆ ಅಂತ ಹಿಂಜರಿದಿದ್ದೆ. ಬುಡದಲ್ಲಿ ಅದು ಬಂಗಾಳಿಗಳ ಭಾಪಾ ದೋಯಿ, ಅಂದರೆ ಆವಿಯಲ್ಲಿ ಬೇಯಿಸಿದ ಸಿಹಿ ಮೊಸರು. ಅದಕ್ಕೆ ಡಿಕಾಕ್ಷನ್ ಸೇರಿಸಿದ್ದಷ್ಟೇ ನನ್ನ ಕೆಲಸ.

ಅಳತೆ ಹೀಗೆ. ಮಿಲ್ಕ್‌ಮೇಡ್ ಒಂದು ಲೋಟ, ಅರ್ಧ ಗಂಟೆ ಬಟ್ಟೆಯಲ್ಲಿ ಸೋಸಿದ ಗಟ್ಟಿ ಮೊಸರು ಒಂದು ಲೋಟ, ಗಟ್ಟಿ ಹಾಲು ಅರ್ಧ ಲೋಟ, ಡಿಕಾಕ್ಷನ್ ಕಾಲು ಲೋಟ. ಸಕ್ಕರೆ ಬೇಡ, ಡಬ್ಬಿಯ ಹಾಲಿನಲ್ಲೇ ಬೇಕಾದಷ್ಟಿದೆ. ಡಿಕಾಕ್ಷನ್ನಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಠಮಾರಿ. ಫಿಲ್ಟರಿನ ಮೇಲಿನ ಪಾತ್ರೆಗೆ ನಾಲ್ಕು ಚಮಚ ಪುಡಿ ತುಂಬಿ, ಒತ್ತುಬಿಲ್ಲೆ ಹಗುರವಾಗಿ ಇಟ್ಟು, ಕುದಿ ನಿಂತ ನೀರು ಅರ್ಧ ಲೋಟ ಹಾಕಿ ಇಪ್ಪತ್ತು ನಿಮಿಷ ಬಿಡಬೇಕು. ಮೊದಲ ಇಳುವಿನದ್ದೇ ಬೇಕು, ಎರಡನೆಯದು ಬೆಳಗಿನ ಕಾಫಿಗೆ. ಚಿಕೋರಿ ಬೆರೆತ ಪುಡಿ ಬಣ್ಣಕ್ಕೆ ಗಟ್ಟಿ ಕಾಣುತ್ತದೆ, ಆದರೆ ಸಿಹಿಯೊಳಗೆ ಹೋದರೆ ನನ್ನ ನಾಲಿಗೆಗೆ ಅದರ ಕಹಿಯೇ ಮುಂದೆ ಬರುತ್ತದೆ. ಇದಕ್ಕೆ ಬರೀ ಕಾಫಿ ಪುಡಿಯೇ ಸೈ. ಇನ್ನೊಂದು ಮಾತು, ಡಿಕಾಕ್ಷನ್ ಪೂರ್ತಿ ಆರಿರಬೇಕು. ಒಂದು ಸಲ ಬಿಸಿಬಿಸಿ ಸುರಿದು ಮೊಸರು ಒಡೆದು, ಎಲ್ಲವನ್ನೂ ಚೆಲ್ಲಿದ್ದೇನೆ.

ಎಲ್ಲವನ್ನೂ ಗಂಟಿಲ್ಲದ ಹಾಗೆ ಕಲಸಬೇಕು, ಕಡೆಯಬಾರದು. ಕಡೆದರೆ ಗಾಳಿ ಸೇರಿ ಮೇಲೆಲ್ಲ ಗುಳ್ಳೆ. ಕಪ್ಪುಗಳಿಗೆ ಹಾಕಿ ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಇಟ್ಟು, ಉರಿ ತಗ್ಗಿಸಿ 25 ನಿಮಿಷ. ಹಾಲಿನ ಪ್ರೋಟೀನು ಮೊಸರಿನ ಹುಳಿಗೂ ಬಿಸಿಗೂ ಸೇರಿ ಮೆಲ್ಲಗೆ ಹೆಪ್ಪುಗಟ್ಟುತ್ತದೆ. ಅವಸರಕ್ಕೆ ಉರಿ ಜೋರು ಮಾಡಿದರೆ ಜೇನುಗೂಡಿನ ಹಾಗೆ ತೂತು ಬಿದ್ದು ನೀರು ಬಿಡುತ್ತದೆ. ಮುಚ್ಚುವುದನ್ನು ಮರೆತರೆ ಇಡ್ಲಿ ಪಾತ್ರೆಯ ಮುಚ್ಚಳದಿಂದ ಹನಿ ಬಿದ್ದು ಮೇಲೆ ಸಿಡುಬಿನ ಕಲೆ. ಆಗಿದೆಯೋ ಇಲ್ಲವೋ ನೋಡುವುದು ಸುಲಭ. ಕಪ್ಪನ್ನು ಮೆಲ್ಲಗೆ ಅಲ್ಲಾಡಿಸಿ. ಅಂಚು ಗಟ್ಟಿ ನಿಂತು ನಡು ಮಾತ್ರ ಸ್ವಲ್ಪ ನಡುಗಿದರೆ ಸರಿ, ಉಳಿದದ್ದು ತಣಿಯುವಾಗ ಆಗುತ್ತದೆ. ನೀರಿನ ಹಾಗೆ ಅಲೆಯೆದ್ದರೆ ಮತ್ತೆ ಐದು ನಿಮಿಷ.

ಒಯ್ಯುವುದೇ ಇನ್ನೊಂದು ಪಜೀತಿ. ಮೊದಲ ಸಲ ಅಗಲವಾದ ಗಾಜಿನ ಬೋಗುಣಿಯಲ್ಲಿ ಮಾಡಿ, ಕಾರಿನ ಸೀಟಿನ ಮೇಲಿಟ್ಟುಕೊಂಡು ಹೊರಟೆ. ಮೂಡಿಗೆರೆ ಕಡೆಯ ತಿರುವು ಗೊತ್ತಿದ್ದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಈಗ ಮನೆಯಲ್ಲಿದ್ದ ಹಳೇ ಸ್ಟೀಲ್ ಟಿಫಿನ್ ಕ್ಯಾರಿಯರನ್ನೇ ಹಿಡಿದಿದ್ದೇನೆ. ಅದರ ಡಬ್ಬಿಗಳಿಗೆ ತುಪ್ಪ ಸವರಿ, ಅವುಗಳಲ್ಲೇ ಬೇಯಿಸುತ್ತೇನೆ. ಕಪ್ಪಿಗಿಂತ ಆಳ ಇರುವುದರಿಂದ 40 ನಿಮಿಷ ಬೇಕು. ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟು, ಕ್ಯಾರಿಯರಿಗೆ ಜೋಡಿಸಿ ಚಿಲಕ ಹಾಕಿದರೆ ಆಯಿತು. ಅವರ ಮನೆಯಲ್ಲಿ ಅಂಚಿನ ಸುತ್ತ ಚಾಕು ಆಡಿಸಿ, ಮೇಲೆ ತಟ್ಟೆ ಮುಚ್ಚಿ ಮಗುಚಿದರೆ ‘ಟಪ್’ ಅಂತ ಇಳಿಯುತ್ತದೆ. ದುಂಡಗೆ, ನುಣ್ಣಗೆ, ಹಾಲು ಹೆಚ್ಚಿದ ಕಾಫಿಯ ಬಣ್ಣ. ಎಲ್ಲರೂ ಸುತ್ತ ನಿಂತು ನೋಡುವಾಗ ಮಗುಚುವುದೇ ಅರ್ಧ ಗೌರವ, ಆದ್ದರಿಂದ ಅಡುಗೆಮನೆಯಲ್ಲಿ ಕದ್ದು ಮಗುಚಬೇಡಿ. ಮೇಲೆ ಚೂರು ಬೆಲ್ಲದ ಪುಡಿ ಉದುರಿಸಿದರೆ ಸಾಕು. ಚೆರ್ರಿ, ಬಣ್ಣದ ಸಕ್ಕರೆ ಕಾಳು ಇವೆಲ್ಲ ಬೇಕರಿಯವರಿಗಿರಲಿ.

ಮಳೆಗಾಲದ ಕತೆಯೇ ಬೇರೆ. ಜುಲೈಯಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಒಂದು ಸಲ ಎರಡು ದಿನ ಇರಲಿಲ್ಲ. ಫ್ರಿಜ್ಜಿನಲ್ಲಿ ಕಟ್ಟಿಟ್ಟ ಮೊಸರು ಹುಳಿ ಬಂದು ಕೂತಿತ್ತು, ಸಂಜೆ ಊಟಕ್ಕೆ ಹೋಗಬೇಕಿತ್ತು. ಅವತ್ತು ಮಾನ ಉಳಿಸಿದ್ದು ಚೈನಾ ಗ್ರಾಸ್. ಸಮುದ್ರದ ಪಾಚಿಯಿಂದ ತೆಗೆಯುವ ಇದು 40 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಫ್ರಿಜ್ಜು ಬೇಕಿಲ್ಲ. ಕೂತ ಮೇಲೆ ಊಟದ ಮನೆಯ ಬಿಸಿಗೆ ಕರಗುವುದೂ ಇಲ್ಲ. ಅರಸೀಕೆರೆಯಿಂದ ಅಕ್ಕ ಕಳಿಸಿದ್ದ ಎಳನೀರು ಮೂಲೆಯಲ್ಲಿತ್ತು. 10 ಗ್ರಾಂ ಚೈನಾ ಗ್ರಾಸ್ ಕತ್ತರಿಸಿ ಒಂದೂವರೆ ಲೋಟ ನೀರಿನಲ್ಲಿ ನೆನೆಸಿ, ಒಂದು ಎಳೆಯೂ ಕಾಣದ ಹಾಗೆ ಕುದಿಸಿದೆ. ಅದಕ್ಕೆ ಸಕ್ಕರೆ, ಬೆಚ್ಚಗೆ ಮಾಡಿದ ಅರ್ಧ ಲೀಟರ್ ಹಾಲು, ಒಂದು ಲೋಟ ಎಳನೀರು, ಹೆಚ್ಚಿದ ಗಂಜಿ. ಎಳನೀರನ್ನೂ ಬೆಚ್ಚಗೆ ಮಾಡಿಕೊಂಡೇ ಹಾಕಬೇಕು. ತಣ್ಣಗಿದ್ದರೆ ತಾಗಿದಲ್ಲೇ ಗಂಟುಗಂಟಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಬೆಳ್ಳಗೆ ನಡುಗುತ್ತಿದ್ದ ಆ ಪುಡ್ಡಿಂಗ್ ನೋಡಿ ಒಬ್ಬರು ಯಾವ ಹೋಟೆಲಿನದ್ದು ಅಂತ ಕೇಳಿದರು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಅಷ್ಟು ಸುಖ ನನಗೂ ಬೇಕಲ್ಲ!

ಜೆಲಟಿನ್ ಹಾಕಿದರೆ ಇನ್ನೂ ಮೆತ್ತಗೆ ಬರುತ್ತದೆ ಅನ್ನುವವರಿದ್ದಾರೆ. ಅದು ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದದ್ದು. ನಮ್ಮ ನಾಲ್ಕು ಮನೆಯಲ್ಲಿ ಒಂದು ಮನೆಯವರು ಮೊಟ್ಟೆಯನ್ನೂ ಮುಟ್ಟದವರು. ಪುಡಿ ಪ್ಯಾಕೆಟ್ ಕೊಳ್ಳುವಾಗ ಹಸಿರು ಗುರುತು ಇದೆಯೋ ನೋಡಿಕೊಳ್ಳಿ. ಒಯ್ದ ಮೇಲೆ ಮುಚ್ಚಿಡಬೇಕಾದ ಮುಜುಗರ ನನಗೆ ಒಂದು ಸಲ ಆಗಿದೆ, ಸಾಕು.

ಬೆಣ್ಣೆಹಣ್ಣಿನದ್ದು ಚಿಕ್ಕ ಕತೆ. ಮಳೆಗಾಲದಲ್ಲಿ ತೋಟದವರು ಚೀಲಗಟ್ಟಲೆ ಕೊಡುತ್ತಾರೆ. ಹಣ್ಣು, ಬೆಲ್ಲದ ಪುಡಿ, ಏಲಕ್ಕಿ, ನಾಲ್ಕು ಹನಿ ನಿಂಬೆರಸ ಮಿಕ್ಸಿಗೆ ಹಾಕಿದರೆ ಎರಡು ನಿಮಿಷದಲ್ಲಿ ಬೆಣ್ಣೆಯಂಥ ಸಿಹಿ. ಆದರೆ ಬೆಳಿಗ್ಗೆ ಮಾಡಿ ರಾತ್ರಿ ತೆರೆದರೆ ಅದರ ಬಣ್ಣ ಏನಾಗಿತ್ತೆಂದು ಊಟದ ವಿಷಯ ಬರೆಯುವಲ್ಲಿ ಹೇಳಬಾರದು. ಅದನ್ನು ಅವರ ಮನೆಯಲ್ಲೇ ಮಾಡಬೇಕು, ಒಯ್ಯುವ ಸಿಹಿ ಅಲ್ಲ.

ಇವೆಲ್ಲದರ ನಡುವೆ ರಸಾಯನವನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಮನೆಯಲ್ಲಿ ದಿನಾ ಮಾಡುವುದು, ಅದರಲ್ಲಿ ಏನು ಚೆಂದ ಅಂತ. ಮಿಲ್ಕ್‌ಮೇಡ್ ಡಬ್ಬಿ ತರಲು ಮರೆತ ಒಂದು ಶನಿವಾರ ಬೇರೆ ದಾರಿಯಿಲ್ಲದೆ ಮಾಡಿದೆ. ಪುಟ್ಟಬಾಳೆ ಹಣ್ಣು ಬಿಲ್ಲೆಯಾಗಿ ಹೆಚ್ಚಿ, ಮೊದಲ ಸಲ ಹಿಂಡಿದ ಗಟ್ಟಿ ಕಾಯಿಹಾಲು, ಕರಗಿಸಿ ಸೋಸಿ ಆರಿಸಿದ ಬೆಲ್ಲ, ಏಲಕ್ಕಿ, ಹುರಿದ ಎಳ್ಳು. ಬೆಲ್ಲದ ನೀರು ಬಿಸಿಯಿದ್ದಾಗ ಕಾಯಿಹಾಲಿಗೆ ಹಾಕಿದರೆ ಒಡೆದ ಹಾಗಾಗುತ್ತದೆ, ಅದೊಂದು ನೋಡಿಕೊಳ್ಳಬೇಕು. ಹಣ್ಣನ್ನು ಅಲ್ಲಿಗೆ ಹೋದ ಮೇಲೆ ಹೆಚ್ಚಿ ಹಾಕಿದೆ, ಮೊದಲೇ ಹಾಕಿದರೆ ಕಪ್ಪಾಗಿ ಮೆತ್ತಗಾಗುತ್ತದೆ. ಬೋಗುಣಿಯಲ್ಲಿ ಸುರಿದಿಡದೆ, ಗಾಜಿನ ಚಿಕ್ಕ ಲೋಟಗಳಲ್ಲಿ ಕೆಳಗೆ ಒತ್ತುಶಾವಿಗೆ ಒಂದು ಹಿಡಿ, ಮೇಲೆ ರಸಾಯನ, ಅದರ ಮೇಲೆ ಎಳ್ಳು ಹಾಕಿ ಕೊಟ್ಟೆ. ಶಾವಿಗೆ ಅವರ ಮನೆಯದ್ದೇ. ಗೆಳೆಯನ ಅಮ್ಮ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, “ನಮ್ಮದೇ ರಸಾಯನಕ್ಕೆ ಕೋಟು ಹಾಕ್ಸಿ ಕರ್ಕೊಂಡ್ ಬಂದಿದೀಯಲ್ಲೋ” ಅಂದರು. ಆಮೇಲೆ ಇನ್ನೊಂದು ಲೋಟ ಇಸಕೊಂಡರು.

ಈಗ ಸಿಹಿಗೆ ಕೈ ಹಾಕುವ ಮುಂಚೆ ಒಂದು ಫೋನ್ ಮಾಡಿ, ಅಲ್ಲಿ ಪಾಯಸ ಮಾಡುತ್ತಾರೋ ಅಂತ ಕೇಳಿಕೊಳ್ಳುತ್ತೇನೆ. ಮಾಡುವುದಾದರೆ ಪುಡ್ಡಿಂಗ್, ಇಲ್ಲದಿದ್ದರೆ ರಸಾಯನ. ಬಡಿಸುವಾಗ ‘ಚೆನ್ನಾಗಿ ಬಂದಿಲ್ಲ, ಬೇಜಾರು ಮಾಡ್ಕೋಬೇಡಿ’ ಅನ್ನುವ ಚಾಳಿಯನ್ನು ಬಹಳ ಕಷ್ಟಪಟ್ಟು ಬಿಟ್ಟಿದ್ದೇನೆ. ಹಾಗಂದರೆ ತಿನ್ನುವವರು ಬಾಯಿಗಿಡುವ ಮೊದಲೇ ತಪ್ಪು ಹುಡುಕಲು ಶುರು ಮಾಡುತ್ತಾರೆ.

ಹೋದ ತಿಂಗಳು ಗೆಳೆಯನ ಅಮ್ಮ ಫೋನ್ ಮಾಡಿದ್ದರು. ಮಗಳ ಮನೆಯಿಂದ ಬೀಗರು ಬರುತ್ತಾರೆ, ಆ ಕಾಫಿ ಪುಡ್ಡಿಂಗಿನ ಲೆಕ್ಕ ಹೇಳು ಅಂತ. ಒಂದು ಲೋಟ, ಒಂದು ಲೋಟ, ಅರ್ಧ ಲೋಟ, ಕಾಲು ಲೋಟ ಅಂತ ಒಪ್ಪಿಸಿದೆ. ಎಲ್ಲ ಒಂದೇ ಲೋಟದಲ್ಲಿ ಅಳೆದರೆ ಯಾವ ಲೋಟವಾದರೂ ನಡೆಯುತ್ತದೆ ಅಂತಲೂ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. “ಅದೆಲ್ಲ ಬೇಡ, ನೀನು ಅಳೆಯೋ ಲೋಟ ಕಳ್ಸು.” ಮರುದಿನ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಪುಡ್ಡಿಂಗ್ ಚೆನ್ನಾಗಿ ಬಂತಂತೆ. ಲೋಟ ಇನ್ನೂ ವಾಪಸ್ ಬಂದಿಲ್ಲ.